ಮೊಟ್ಟೆಯಲ್ಲ, ಉಳಿದ ಮರಿಯೇ ಆದಾಯ

ಕಡಲಿನ ಅಲಂಕಾರಿಕ ಮೀನುಗಳನ್ನು ಮನೆಯಲ್ಲಿಯೇ ಮರಿ ಮಾಡಿಸುವ ಯೋಜನಾ ವರದಿಗಳೊಡನೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯುವಕರು ಇತ್ತೀಚೆಗೆ ನನ್ನಲ್ಲಿಗೆ ಬರುತ್ತಿದ್ದಾರೆ. ಉತ್ಸಾಹ ಶ್ಲಾಘನೀಯ. ಆದರೆ ಮೊಟ್ಟೆಗಳ ಸಂಖ್ಯೆಯನ್ನೇ ಆದಾಯದ ಅಂಕಣಕ್ಕೆ ಏರಿಸಿರುವುದು ಕಳವಳಕಾರಿ.

ಕ್ಲೌನ್ ಮೀನಿನ ಜೋಡಿಯೊಂದು ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡುವುದು ನಿಜ. ಸುಮಾರು ಒಂದು ವಾರದಲ್ಲಿ ಮರಿಗಳು ಹೊರಬರುತ್ತವೆ. ನಿಜವಾದ ಕಷ್ಟ ಅನಂತರದ್ದು. ಅವುಗಳ ಬಾಯಿ ಅತಿ ಕಿರಿದಾದ್ದರಿಂದ ಮೊದಲ ದಿನಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮ ಜೀವಿಗಳೇ ಆಹಾರ. ರೋಟಿಫರ್‌ಗಳಿಗೆ ಸೂಕ್ಷ್ಮ ಪಾಚಿ ಬೇಕು. ಅಂದರೆ ಒಂದು ಉದ್ಯಮಕ್ಕೆ ಮೂರು ಸಾಕಣೆ! ರಾತ್ರಿ ವಿದ್ಯುತ್ ಹೋಗಿ ಗಾಳಿಯ ಪಂಪು ನಿಂತರೆ ತೊಟ್ಟಿಯೇ ಬರಿದಾಗಬಹುದು. ಕಡಲಿಲ್ಲದ ನಮ್ಮಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶದ ನೀರನ್ನೂ ಉಪ್ಪು ಕೊಂಡೇ ತಯಾರಿಸಬೇಕು.

2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ಹಿತ್ತಲಿನ ಅಲಂಕಾರಿಕ ಮೀನು ಘಟಕದ ವೆಚ್ಚವನ್ನು 3 ಲಕ್ಷ ರೂಪಾಯಿಗೆ ನಿಗದಿಪಡಿಸಿ, ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೆ ಹಾಗೂ ಮಹಿಳೆಯರಿಗೆ ಶೇ. 60 ಸಹಾಯಧನ ಗೊತ್ತುಪಡಿಸಿತು. ಸಹಾಯಧನ ಬರುವುದು ಒಮ್ಮೆ. ಉಪ್ಪು, ಆಹಾರ, ವಿದ್ಯುತ್ತಿನ ಖರ್ಚು ಪ್ರತಿ ತಿಂಗಳು. ಮೀನು ಸಾಕಣೆಯ ವರಮಾನವು ಆದಾಯ ತೆರಿಗೆಯ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲವೆಂಬುದನ್ನೂ ಮರೆಯಬಾರದು.

ಹಾಗೆಂದು ಕೈಬಿಡಬೇಕಿಲ್ಲ. ಕ್ಲೌನ್ ಮೀನಿನ ಮರಿ ಉತ್ಪಾದನಾ ತಂತ್ರವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಅದರ ಪ್ರಾದೇಶಿಕ ಕೇಂದ್ರ ಮಂಗಳೂರಿನಲ್ಲಿಯೇ ಇದೆ. ಮೊದಲು ಅಲ್ಲಿ ವಿಚಾರಿಸಿ, ಮರಿ ಉತ್ಪಾದನಾ ಕೇಂದ್ರದಲ್ಲಿ ಹುಟ್ಟಿದ ಮರಿಗಳನ್ನು ತಂದು ಒಂದು ವರ್ಷ ಬೆಳೆಸಿ ಮಾರಲಿ. ನೀರು ಕಾಯುವ ಶಿಸ್ತು ಕೈಗೂಡಿ, ಜಮಾಖರ್ಚು ಸರಿದೂಗಿದ ಮೇಲೆ ಮೊಟ್ಟೆಯ ಮಾತು. ಬ್ಯಾಂಕಿನ ಸಾಲವನ್ನು ತೀರಿಸುವುದು ಉಳಿದ ಮರಿಗಳು ಮಾತ್ರ.