ಕೊಬ್ಬರಿಗೆ ಅಟ್ಟ, ಅಜ್ಜನಿಗೆ ತಗಡಿನ ಶೀಟು

ನಮ್ಮ ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿಗೆ ಸಿಗುವ ಮರ್ಯಾದೆ ನೋಡಿ. ಉಂಡೆ ಕೊಬ್ಬರಿ ಆಗಲಿ ಅಂತ 8ರಿಂದ 12 ತಿಂಗಳು ಅಟ್ಟದ ಮೇಲೆ ಇಡುತ್ತೇವೆ. ಮಳೆ ಹನಿ ತಾಗಬಾರದು, ತೇವ ಹಿಡಿಯಬಾರದು. ಒಳಗಿನ ನೀರು ಬತ್ತಿ ಗಡಗಡ ಅನ್ನೋವರೆಗೂ ಕಾಯುತ್ತೇವೆ.

ಅದೇ ಮನೆಯ ಅಜ್ಜ, ಅಜ್ಜಿ ಮಲಗೋದೆಲ್ಲಿ? ಜಗಲಿಯಲ್ಲಿ. ಮೇಲೆ ತಗಡಿನ ಶೀಟು, ಕೆಳಗೆ ಗ್ರಾನೈಟ್, ಮುಂದೆ ಕಬ್ಬಿಣದ ಗ್ರಿಲ್. ಗ್ರಿಲ್ ಕಳ್ಳರನ್ನು ತಡೆಯುತ್ತೆ, ಜನವರಿಯ ಮೂಡಗಾಳಿಯನ್ನು ತಡೆಯುತ್ತಾ?

ಕೇಳಿದರೆ, "ಅವರಿಗೇ ಹೊರಗೆ ಮಲಗೋದು ಇಷ್ಟ ಕಣ್ರೀ" ಅಂತಾರೆ. ಇರಬಹುದು. ಕೆಮ್ಮಿದರೆ ಯಾರ ನಿದ್ದೆಯೂ ಕೆಡಲ್ಲ. ರಾತ್ರಿ ಎರಡು ಸಲ ಎದ್ದು ಹೋಗೋಕೆ ಸಲೀಸು. ಬೆಳಿಗ್ಗೆ ಬೀದಿಯಲ್ಲಿ ಹೋಗೋರನ್ನು ಮಾತಾಡಿಸಬಹುದು. ಆದರೆ ಜಗಲಿ ಇಷ್ಟ ಅಂದರೆ ಚಳಿಯೂ ಇಷ್ಟ ಅಂತ ಅರ್ಥವಲ್ಲ.

ಹಳೇ ಮನೆಯ ಜಗಲಿಗೆ ದಪ್ಪ ಮಣ್ಣಿನ ಗೋಡೆ ಇತ್ತು, ಮೇಲೆ ನಾಡಹೆಂಚು ಇತ್ತು. ಈಗಿನ ಜಗಲಿ ಕಟ್ಟೋದು ಬೈಕ್ ನಿಲ್ಲಿಸೋಕೆ, ಬಂದ ನೆಂಟರಿಗೆ ತೋರಿಸೋಕೆ. ತಗಡು ಹಗಲು ಕಾಯುತ್ತೆ, ರಾತ್ರಿ ಬಲುಬೇಗ ತಣ್ಣಗಾಗುತ್ತೆ. ಬೆಳಗಿನ ಜಾವ ಅದರ ಒಳಬದಿಯಿಂದಲೇ ಹನಿ ತೊಟ್ಟಿಕ್ಕುತ್ತೆ. ಗ್ರಾನೈಟ್ ಮೈಯ ಬಿಸಿ ಎಳೆದುಕೊಳ್ಳುತ್ತೆ. ವಯಸ್ಸಾದ ಮೈ ಆ ಬಿಸಿಯನ್ನು ಬೇಗ ತುಂಬಿಕೊಳ್ಳಲ್ಲ.

ದುಡ್ಡಿಲ್ಲ ಅನ್ನಬೇಡಿ. ಸ್ಟೀಲ್ ಕಂಬಿಗೆ ದುಡ್ಡಿತ್ತಲ್ಲ! ತೋಟದಲ್ಲಿ ಬಿದ್ದಿರೋ ಗರಿ ಹೆಣೆದು ಮೂಡಲ ಕಡೆಗೆ ತಡಿಕೆ ಕಟ್ಟಿ. ಹಗಲು ಬಿಚ್ಚಿ, ಎಳೆಬಿಸಿಲು ಒಳಗೆ ಬರಲಿ. ನೆಲದ ಮೇಲೆ ಮಲಗಿಸಬೇಡಿ, ಮಂಚ ಹಾಕಿ. ಹೊದಿಕೆ ಎರಡಾದರೆ ಹಾಸಿಗೆಯೂ ಎರಡಿರಲಿ, ಚಳಿ ಕೆಳಗಿಂದಲೂ ಏರುತ್ತೆ. ತೆಂಗಿನ ನಾರಿನಿಂದ ಪೇಟೆಯವರಿಗೆ ಹಾಸಿಗೆ ಆಗುತ್ತೆ, ತೆಂಗು ಬೆಳೆಸಿದ ಅಜ್ಜನಿಗೆ ಮಾತ್ರ ಹರಕು ಚಾಪೆ!

ಒಂದು ಎಚ್ಚರ. ಸುತ್ತ ಟಾರ್ಪಾಲ್ ಮುಚ್ಚಿ, ಒಳಗೆ ಚಿಪ್ಪಿನ ಕೆಂಡದ ಬಕೆಟ್ ಇಡೋ ಕೆಲಸ ಮಾತ್ರ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರು ಮಲಗಿದ ಹಾಗೇ ಸಾಯಬಹುದು. ಬೆಂಕಿ ಕಾಯಿಸೋದಿದ್ದರೆ ಅಂಗಳದಲ್ಲಿ ಕಾಯಿಸಿ.

ಕೊಬ್ಬರಿ ರೇಟು ಬಿದ್ದರೆ ಬೀದಿಗಿಳಿಯುತ್ತೇವೆ, ಸರ್ಕಾರವನ್ನು ಬೈಯುತ್ತೇವೆ, ಸರಿ. ಆದರೆ ಜಗಲಿ ಚಳಿಗೆ ಯಾವ ಸರ್ಕಾರವೂ ಹೊಣೆಯಲ್ಲ, ಅದು ಮನೆಯವರದ್ದೇ ತೀರ್ಮಾನ. ಇದೆಲ್ಲ ಅತಿಯಾಯ್ತು ಅನ್ನಿಸಿದರೆ, ಮಾಗಿಯಲ್ಲಿ ಒಂದೇ ಒಂದು ರಾತ್ರಿ ಅಜ್ಜನನ್ನು ಒಳಗೆ ಮಲಗಿಸಿ, ಅವರ ಚಾಪೆ ಮೇಲೆ ನೀವು ಮಲಗಿ ನೋಡಿ.