ತಾತನ ಲೆಕ್ಕದ ಪುಸ್ತಕ: ಕಾರಿನ ಮೂಗು

ಮಕ್ಕಳೇ, ಕಳೆದ ವರ್ಷ ನಮ್ಮ ಕಾರಿಗೆ ಹೊಸ ನಮೂನೆಯ ಏರ್ ಫಿಲ್ಟರ್ ಹಾಕಿಸಿದೆ. "ಗಾಳಿ ಸಲೀಸಾಗಿ ಹೋಗುತ್ತೆ ತಾತ, ಮೈಲೇಜ್ ಜಾಸ್ತಿ ಬರುತ್ತೆ" ಎಂದಿದ್ದ ಮೊಮ್ಮಗ. ಬ್ಯಾಂಕ್ ಗುಮಾಸ್ತನಾಗಿದ್ದವನಲ್ಲವೇ, ಆರು ತಿಂಗಳು ಪೆಟ್ರೋಲ್ ಲೆಕ್ಕ ಬರೆದಿಟ್ಟೆ. ಲೀಟರಿಗೆ ಮೊದಲೂ 15 ಕಿ.ಮೀ., ಆಮೇಲೂ 15!

1 ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಕಾರಿನ ಕಂಪ್ಯೂಟರ್ ಒಳಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚು, ಉಳಿತಾಯ ಎಲ್ಲಿಂದ?

ಫಿಲ್ಟರಿನ ಆಚೆಯ ಕೊಳವೆಯೊಳಗೆ ಬಿಳಿ ಕರವಸ್ತ್ರ ಆಡಿಸಿದೆ. ಕೆಂಪು ಧೂಳು! ಗಾಳಿಯ ಜೊತೆ ಅದೂ ಸಲೀಸಾಗಿ ನುಗ್ಗಿತ್ತು. ಆ ಧೂಳು ಉಪ್ಪುಕಾಗದದ ಹಾಗೆ ಸಿಲಿಂಡರನ್ನೂ ಪಿಸ್ಟನ್ ರಿಂಗನ್ನೂ ಸವೆಸುತ್ತದೆ.

ಕರವಸ್ತ್ರ ನೋಡಿದ ಮೊಮ್ಮಗ ಮಾತಾಡಲಿಲ್ಲ. ಕಂಪನಿಯ ಕಾಗದದ ಫಿಲ್ಟರನ್ನು ತಾನೇ ತಂದ. ಬಡ್ಡಿಯ ಆಸೆಗೆ ಅಸಲನ್ನೇ ಸವೆಸಬಾರದು, ಅಲ್ಲವೇ?