ಬಸ್ಸು ಹತ್ತಲಾರದವರ ಪ್ರಯಾಣ

ಪುಟ್ಟೇನಹಳ್ಳಿಯ ನಮ್ಮ ವಾಚಕರೊಬ್ಬರು ಬರೆದ ಕಾಗದವೊಂದು ನಮ್ಮ ಮುಂದಿದೆ. ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ತಪ್ಪಿರುವ ಇವರು ಗಾಲಿಕುರ್ಚಿಯ ಮೇಲೆ ಓಡಾಡತಕ್ಕವರು. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿಬರಬೇಕಾದವರು. ಸರ್ಕಾರದವರು ದಯಪಾಲಿಸಿರುವ ಬಸ್ಸಿನ ರಿಯಾಯಿತಿ ಪಾಸು ಅವರ ಮೇಜಿನ ಖಾನೆಯಲ್ಲಿ ಭದ್ರವಾಗಿದೆ. ಒಂದು ವರ್ಷದಿಂದ ಅದು ಮನೆಯ ಹೊಸಲು ದಾಟಿಲ್ಲ. ಬಸ್ಸಿನ ನಿಲ್ದಾಣದವರೆಗೆ ಕುರ್ಚಿಯನ್ನು ತಳ್ಳಿಕೊಂಡು ಹೋಗುವುದಕ್ಕೆ ಕಾಲುದಾರಿ ಇಲ್ಲ. ಹೋದರೂ ಮೆಟ್ಟಿಲು ಏರಿಸುವವರಿಲ್ಲ. "ಈ ಪಾಸನ್ನು ಆಟೋದವನಿಗೆ ತೋರಿಸಿದರೆ ನಡೆದೀತೆ?" ಎಂದು ಅವರು ಹಾಸ್ಯಕ್ಕಾಗಿ ಕೇಳಿದ್ದಾರೆ. ಆ ಪ್ರಶ್ನೆಯನ್ನು ಹಾಸ್ಯವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ.

ಲೆಕ್ಕವನ್ನು ಮೊದಲು ನೋಡೋಣ. 2024ರ ಜನವರಿಯಲ್ಲಿ ಸರ್ಕಾರವು ಗೊತ್ತುಮಾಡಿದ ದರದಂತೆ ಸಣ್ಣ ಟ್ಯಾಕ್ಸಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಅಲ್ಲಿಂದ ಮುಂದೆ ಕಿಲೋಮೀಟರೊಂದಕ್ಕೆ 24 ರೂಪಾಯಿ. ಹತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಹೋಗಲು 244, ಹೋಗಿಬರಲು 488. ಶೇಕಡ 40ರಿಂದ 74ರವರೆಗೆ ಅಂಗವೈಕಲ್ಯವುಳ್ಳವರಿಗೆ ಈ ರಾಜ್ಯವು ನಿಗದಿಮಾಡಿದ ಮಾಸಾಶನ 800 ರೂಪಾಯಿ. 75ಕ್ಕೆ ಮೇಲ್ಪಟ್ಟವರಿಗೆ 1400. ಅಂದರೆ ಮೊದಲನೆಯವರ ತಿಂಗಳ ಮಾಸಾಶನವು ಎರಡು ಬಾರಿ ಆಸ್ಪತ್ರೆಗೆ ಹೋಗಿಬರಲು ಸಾಲದು. ಎರಡನೆಯವರದು ಮೂರು ಬಾರಿಗೆ ಸಾಲದು. ಔಷಧಿಯ ಮಾತನ್ನೂ ಅನ್ನದ ಮಾತನ್ನೂ ನಾವಿನ್ನೂ ಎತ್ತಿಲ್ಲ. ಆಟೋದಲ್ಲಿ ಹೋದರೆ ಕಡಮೆಯಾದೀತು ನಿಜ. ಆದರೆ ಆಟೋದೊಳಗೆ ಗಾಲಿಕುರ್ಚಿಯನ್ನು ಎಲ್ಲಿಡುವುದು?

ಇನ್ನು ನ್ಯಾಯದ ಮಾತು. ವರ್ಷಕ್ಕೆ 660 ರೂಪಾಯಿ ಕಟ್ಟಿದ ಅಂಗವಿಕಲರಿಗೆ ವಾಸಸ್ಥಳದಿಂದ 100 ಕಿಲೋಮೀಟರಿನೊಳಗೆ ಬಸ್ಸಿನಲ್ಲಿ ತಿರುಗಾಡಲು ಅವಕಾಶವಿದೆ. ಅಂಧರಿಗೆ ಉಚಿತ ಪಾಸು ಇದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಾಡಿನ ಮಹಿಳೆಯರಿಗೆಲ್ಲ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಾಯಿತು. ಇವುಗಳಲ್ಲಿ ಯಾವುದನ್ನೂ ನಾವು ಆಕ್ಷೇಪಿಸುವವರಲ್ಲ. ಆದರೆ ಈ ಉಪಕಾರಗಳೆಲ್ಲಕ್ಕೂ ಒಂದು ಗುಪ್ತವಾದ ನಿಬಂಧನೆಯಿದೆ: ಫಲಾನುಭವಿಯು ಬಸ್ಸು ಹತ್ತಬಲ್ಲವನಾಗಿರಬೇಕು. ಯಾರ ವೈಕಲ್ಯವು ಹೆಚ್ಚೋ ಅವರಿಗೆ ಬೊಕ್ಕಸದಿಂದ ದೊರೆಯುವುದು ಕಡಮೆ. ಹತ್ತಲಾರದವನು ತನ್ನ ಕಿಸೆಯಿಂದಲೇ ಪೂರ್ಣ ಬಾಡಿಗೆ ತೆರತಕ್ಕದ್ದು. ಇಂಥ ತಲೆಕೆಳಗಾದ ಏರ್ಪಾಡನ್ನು ಯಾರೂ ಬೇಕೆಂದು ಮಾಡಿದ್ದಲ್ಲ; ಯಾರೂ ಗಮನಿಸದೆ ಆದದ್ದು. ಗಮನಿಸಿದ ಮೇಲೂ ಹಾಗೆಯೇ ಬಿಟ್ಟರೆ ಅದು ಬೇಕೆಂದು ಮಾಡಿದಂತೆಯೇ.

ತಗ್ಗು ನೆಲದ ಬಸ್ಸುಗಳು ಬಂದಿವೆಯಲ್ಲ ಎಂದು ಅಧಿಕಾರಿಗಳು ಹೇಳಬಹುದು. ಬಂದಿವೆ, 2022ರಿಂದೀಚೆಗೆ ಬಿ.ಎಂ.ಟಿ.ಸಿ.ಯವರು ತರುತ್ತಿರುವ ವಿದ್ಯುತ್ ಬಸ್ಸುಗಳನ್ನು ನಾವು ಮನಸಾರೆ ಸ್ವಾಗತಿಸಿದ್ದೇವೆ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟುಗಳೂ ಇವೆ. ಆದರೆ ಮನೆಯಿಂದ ನಿಲ್ದಾಣಕ್ಕೆ ಯಾರು ಒಯ್ಯುತ್ತಾರೆ? ಮೆಟ್ರೋದ ಮೊದಲ ಹಂತದ ನಕ್ಷೆಗಳಲ್ಲಿ ದಕ್ಷಿಣದ ಕೊನೆಯ ನಿಲ್ದಾಣಕ್ಕೆ ಪುಟ್ಟೇನಹಳ್ಳಿಯೆಂದೇ ಹೆಸರಿತ್ತು. 2017ರ ಜೂನ್‌ನಲ್ಲಿ ಬಾಗಿಲು ತೆರೆಯುವ ವೇಳೆಗೆ ಅದು ಯಲಚೇನಹಳ್ಳಿಯಾಗಿತ್ತು. ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ಬೀದಿಗಳಲ್ಲಿರುವ ಗಾಲಿಕುರ್ಚಿಯವನಿಗೆ ಹೆಸರೂ ದೂರವಾಯಿತು, ರೈಲೂ ದೂರವಾಯಿತು.

ಹೆಸರಿನ ಮಾತು ಬಂದುದರಿಂದ ಒಂದು ವಿಷಯ. ಅಂಗವಿಕಲರು ವಿಕಲಚೇತನರಾದರು, ವಿಶೇಷಚೇತನರಾದರು, ದೆಹಲಿಯವರ ಕೃಪೆಯಿಂದ ದಿವ್ಯಾಂಗರೂ ಆದರು. ಬಸ್ಸಿನ ಮೆಟ್ಟಿಲು ಮಾತ್ರ ಇದ್ದ ಎತ್ತರದಲ್ಲಿಯೇ ಇದೆ.

ಶಾಸನವು ಈ ಕುರಿತು ಮೌನವಾಗಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 41ನೆಯ ವಿಧಿಯು, ಕೈಗೆಟುಕುವ ವೆಚ್ಚದಲ್ಲಿ ಇವರ ಸ್ವಂತ ಸಂಚಾರಕ್ಕೆ ಅನುಕೂಲವಾಗುವಂತೆ ರಿಯಾಯಿತಿಗಳು, ವಾಹನಗಳ ಮಾರ್ಪಾಡು, ಸಂಚಾರಕ್ಕೆ ನೆರವು ಇವುಗಳಿಗಾಗಿ ಯೋಜನೆಗಳನ್ನು ರೂಪಿಸತಕ್ಕದ್ದೆಂದು ಸರ್ಕಾರಕ್ಕೆ ವಿಧಿಸಿದೆ. ರೂಪಿಸಬಹುದು ಎಂದಲ್ಲ, ರೂಪಿಸತಕ್ಕದ್ದು. ಸುಗಮ ಪ್ರವೇಶದ ಮಾನದಂಡಗಳು ಬರಿಯ ಸಲಹೆಗಳಾಗಿರಲಾಗದು, ಕಡ್ಡಾಯವಾಗಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಕೊಟ್ಟ ತೀರ್ಪೂ ಈ ಕಾಯಿದೆಯನ್ನೇ ಆಧರಿಸಿದ್ದು. ಕಾಯಿದೆಯು ಜಾರಿಗೆ ಬಂದದ್ದು 2017ರ ಏಪ್ರಿಲಿನಲ್ಲಿ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಅಂಗವಿಕಲರ ಸಂಖ್ಯೆ 13,24,205. ಇವರಲ್ಲಿ ಬಸ್ಸು ಹತ್ತಲಾರದವರಿಗಾಗಿ ರಾಜಧಾನಿಯಲ್ಲಿ ಟ್ಯಾಕ್ಸಿಯ ರಿಯಾಯಿತಿಯೊಂದನ್ನು ಏರ್ಪಡಿಸುವುದು ಈ ವಿಧಿಯ ಮೊದಲ ಅರ್ಥವಲ್ಲವೆ?

ಅನ್ಯದೇಶಗಳಲ್ಲಿ ಇದು ಹೊಸತಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಮತ್ತು ನ್ಯೂ ಸೌತ್ ವೇಲ್ಸ್ ಪ್ರಾಂತಗಳಲ್ಲಿ ಬಸ್ಸು ರೈಲುಗಳನ್ನು ಬಳಸಲಾರದ ಅಂಗವಿಕಲರ ಟ್ಯಾಕ್ಸಿ ಬಾಡಿಗೆಯಲ್ಲಿ ಅರ್ಧವನ್ನು ಒಂದು ಪ್ರಯಾಣಕ್ಕೆ 60 ಡಾಲರ್ ಮಿತಿಯೊಳಗೆ ಸರ್ಕಾರವೇ ಭರಿಸುತ್ತ ಬಂದಿದೆ. ನ್ಯೂಜಿಲೆಂಡಿನಲ್ಲಿಯೂ ಇಂಥ ಏರ್ಪಾಡುಂಟು. ಲಂಡನ್ನಿನಲ್ಲಿ ಟ್ಯಾಕ್ಸಿಕಾರ್ಡ್ ಎಂಬುದುಂಟು. ಹಿಂದೆ ಕಾಗದದ ಚೀಟಿಗಳಿಂದ ನಡೆಯುತ್ತಿದ್ದ ವ್ಯವಹಾರ ಈಗ ವಿದ್ಯುನ್ಮಾನ ಕಾರ್ಡಿಗೆ ತಿರುಗಿದೆ. ಚೀಟಿಯ ಕಾಲದಲ್ಲಿ ಮಾಡದ ಪ್ರಯಾಣಕ್ಕೆ ಹಣ ಕೇಳುವುದು ಸುಲಭ. ಕಾರ್ಡನ್ನು ಯಂತ್ರಕ್ಕೆ ತಾಕಿಸಿದರೆ ಬಾಡಿಗೆಯೂ ವೇಳೆಯೂ ತಾವಾಗಿ ದಾಖಲಾಗುತ್ತವೆ, ಪ್ರಯಾಣಿಕನು ತನ್ನ ಪಾಲನ್ನು ಮಾತ್ರ ಕೊಟ್ಟು ಇಳಿದುಹೋಗುತ್ತಾನೆ. ಪರದೇಶದವರು ಮಾಡಿದರೆಂಬ ಕಾರಣಕ್ಕೇ ನಾವೂ ಮಾಡಬೇಕೆಂಬ ವಾದ ನಮ್ಮದಲ್ಲ. ನಮ್ಮ ರೈಲ್ವೆಯವರೇ ಬಹುಕಾಲದಿಂದ, ಜೊತೆಗಾರನಿಲ್ಲದೆ ಪ್ರಯಾಣ ಮಾಡಲಾರದ ಅಂಗವಿಕಲನಿಗೆ ಎರಡನೆಯ ದರ್ಜೆಯಲ್ಲಿ ಮುಕ್ಕಾಲು ಪಾಲು ರಿಯಾಯಿತಿಯನ್ನು, ಅವನ ಜೊತೆಗಾರನಿಗೂ ಅಷ್ಟನ್ನೇ, ಕೊಡುತ್ತ ಬಂದಿಲ್ಲವೆ? ಆ ತತ್ತ್ವವನ್ನು ರೈಲ್ವೆ ನಿಲ್ದಾಣದ ಹೊರಗಣ ಬೀದಿಗೆ ತಂದರಾಯಿತು.

ಸಾಮಗ್ರಿಯೆಲ್ಲವೂ ನಮ್ಮಲ್ಲಿ ಸಿದ್ಧವಾಗಿದೆ. ಅಂಗವಿಕಲರಿಗೆ ಯು.ಡಿ.ಐ.ಡಿ. ಎಂಬ ಗುರುತಿನ ಕಾರ್ಡನ್ನು ಕೇಂದ್ರ ಸರ್ಕಾರವು ಕೊಡುತ್ತಿದೆ. ವೈದ್ಯರ ಪರೀಕ್ಷೆ ಅಲ್ಲಿಯೇ ಮುಗಿದಿದೆ. 2022ರಲ್ಲಿ ಆರಂಭವಾದ ನಮ್ಮ ಯಾತ್ರಿಯಂಥ ಸ್ಥಳೀಯ ಏರ್ಪಾಡುಗಳನ್ನು ಬೆಂಗಳೂರಿನ ಆಟೋ ಚಾಲಕರು ಚೆನ್ನಾಗಿ ಬಲ್ಲರು. ಇವೆರಡನ್ನು ಜೋಡಿಸುವುದೇ ಕೆಲಸ. ಆದರೆ ಜೋಡಿಸುವಾಗ ಮತ್ತೊಮ್ಮೆ ಅರ್ಜಿ, ಮತ್ತೊಮ್ಮೆ ಪ್ರಮಾಣಪತ್ರ, ಮತ್ತೊಮ್ಮೆ ಮೂರನೆಯ ಮಹಡಿಯ ಕಚೇರಿಗೆ ಖುದ್ದಾಗಿ ಹಾಜರಾಗತಕ್ಕದ್ದೆಂಬ ಆಜ್ಞೆ ಬೇಡ. ಗುಣಮುಖರಾದ ಕುಷ್ಠರೋಗಿಗಳೂ ಈ ಕಾಯಿದೆಯೊಳಗೆ ಬರುತ್ತಾರೆ. ಬೆರಳಿಲ್ಲದವರನ್ನು ಬೆರಳಚ್ಚು ಕೇಳುವ ಜಾಣತನವನ್ನು ನಮ್ಮ ಯಂತ್ರತಜ್ಞರು ಈ ಒಂದು ಸಲ ಬಿಡಬೇಕು. ಯಾರು ಯಾವ ಆಸ್ಪತ್ರೆಗೆ ಹೋದರೆಂಬ ವಿವರ ಮಾರಾಟದ ಸರಕಾಗಲೂಬಾರದು.

ಎಲ್ಲಕ್ಕಿಂತ ಮುಖ್ಯವಾದದ್ದು ಚಾಲಕನ ಹಣ. ಈ ಯೋಜನೆಯು ಕೆಡುವುದಾದರೆ ಇಲ್ಲಿಯೇ ಕೆಡುತ್ತದೆ. ಸರ್ಕಾರದ ಪಾಲಿನ ಅರ್ಧ ಬಾಡಿಗೆಯು ಬಿಲ್ಲು, ಮೇಲುರುಜು, ಖಜಾನೆ ಎಂದು ಸುತ್ತಿ ಮೂರು ತಿಂಗಳಿಗೆ ಬಂದರೆ, ದಿನದ ಸಂಪಾದನೆಯಿಂದ ದಿನದ ಸಾಲದ ಕಂತನ್ನು ತೀರಿಸುವ ಚಾಲಕನು ಕಾರ್ಡನ್ನು ಕಂಡೊಡನೆ ಗಾಡಿಯನ್ನು ಮುಂದಕ್ಕೆ ಓಡಿಸುತ್ತಾನೆ. ಅವನನ್ನು ನಿಂದಿಸುವ ಹಕ್ಕು ಆಗ ನಮಗಿರುವುದಿಲ್ಲ. ಮಾರನೆಯ ದಿನವೇ ಅವನ ಖಾತೆಗೆ ಹಣ ಸೇರತಕ್ಕದ್ದು. ಅದಕ್ಕಾಗಿ ಮುಂಗಡವಾಗಿ ಒಂದು ನಿಧಿಯನ್ನು ತೆಗೆದಿಡತಕ್ಕದ್ದು.

ಗಾಡಿಗಳ ಕೊರತೆಯೂ ಉಂಟು. ಲಂಡನ್ನಿನ ಕಪ್ಪು ಟ್ಯಾಕ್ಸಿಗಳೆಲ್ಲವೂ 2000ದಿಂದೀಚೆಗೆ ಗಾಲಿಕುರ್ಚಿಯನ್ನು ಒಳಗೊಳ್ಳಬಲ್ಲವು. ನಮ್ಮ ಊರಿನ ಅನೇಕ ಟ್ಯಾಕ್ಸಿಗಳ ಹಿಂಬದಿಯಲ್ಲಿ ಅನಿಲದ ಸಿಲಿಂಡರು ಕುಳಿತಿರುತ್ತದೆ. ಮಡಿಸಿದ ಕುರ್ಚಿಗೂ ಅಲ್ಲಿ ಎಡೆಯಿಲ್ಲ. ಗಾಲಿಕುರ್ಚಿಯವರಿಗಾಗಿಯೇ ಮಾರ್ಪಡಿಸಿದ ಟ್ಯಾಕ್ಸಿಗಳನ್ನು ಕಿಕ್‌ಸ್ಟಾರ್ಟ್ ಎಂಬ ಸಂಸ್ಥೆಯು 2013ರಲ್ಲಿಯೇ ಬೆಂಗಳೂರಿಗೆ ತಂದಿತು. ಖಾಸಗಿಯವರು ತೋರಿಸಿಕೊಟ್ಟುದನ್ನು ಹಿಗ್ಗಿಸಲು ಸಾಲ, ತೆರಿಗೆಯ ವಿನಾಯಿತಿ, ಕುರ್ಚಿಯನ್ನು ಏರಿಸಿ ಇಳಿಸುವ ಚಾಲಕನಿಗೆ ಪ್ರತ್ಯೇಕ ಭತ್ಯೆ ಇವು ಬೇಕು.

ಹಣವೆಲ್ಲಿ ಎಂದು ಕೇಳುವವರಿಗೆ ನಮ್ಮ ಉತ್ತರವಿದು. ಪರೀಕ್ಷಾರ್ಥವಾಗಿ ಸಾವಿರ ಮಂದಿಯನ್ನು ಆರಿಸಿಕೊಳ್ಳಿ. ತಿಂಗಳಿಗೆ ಹತ್ತು ಸಲ ಹೋಗಿಬರಲು, ಅಂದರೆ 20 ಪ್ರಯಾಣಗಳಿಗೆ, ಮೇಲೆ ಹೇಳಿದ ದರದಲ್ಲಿ ಅರ್ಧವಾದ 122 ರೂಪಾಯಿಯಂತೆ ಕೊಡಿ. ಒಬ್ಬರಿಗೆ 2,440, ಸಾವಿರ ಮಂದಿಗೆ ವರ್ಷಕ್ಕೆ 2 ಕೋಟಿ 93 ಲಕ್ಷಕ್ಕೆ ಒಳಗೆ. 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾಗಿ ಒಡೆದ ಈ ಮಹಾನಗರವು ಒಂದು ರಸ್ತೆಯನ್ನು ಅಗೆದು ಮುಚ್ಚಿ ಮತ್ತೆ ಅಗೆಯುವ ವೆಚ್ಚದ ಮುಂದೆ ಇದೆಷ್ಟು?

ಇದು ದಾನಧರ್ಮದ ವಿಷಯ, ಮಠಗಳಿಗೂ ದಾನಿಗಳಿಗೂ ಬಿಡಬಹುದು ಎನ್ನುವವರೂ ಇದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಅಂಧಬಾಲಕರಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತ ಪುಣ್ಯಕಾರ್ಯಕ್ಕೆ ಕನ್ನಡನಾಡೆಲ್ಲ ತಲೆಬಾಗಿದೆ. ಆದರೆ ವಿದ್ಯೆ ಕಲಿತವನು ದಿನವೂ ಬೆಳಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೋಗಬೇಕು. ಆ ದಿನದಿನದ ಹಾದಿಯನ್ನು ಯಾವ ಆಶ್ರಮವೂ ಒದಗಿಸಲಾರದು. ಅದು ತೆರಿಗೆ ತೆಗೆದುಕೊಳ್ಳುವವರ ಕೆಲಸ.

ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರೂ ಸಾರಿಗೆ ಇಲಾಖೆಯವರೂ ಒಂದೇ ಮೇಜಿನ ಮುಂದೆ ಕುಳಿತು, ಬರುವ ಆಯವ್ಯಯಕ್ಕೆ ಮೊದಲು ಈ ಸಾವಿರ ಮಂದಿಯ ಪರೀಕ್ಷೆಯನ್ನು ದಕ್ಷಿಣ ಬೆಂಗಳೂರಿನಲ್ಲಿ ಆರಂಭಿಸಬೇಕೆಂದು ನಾವು ಕೋರುತ್ತೇವೆ. ಅಂಗಚ್ಯುತರಿಗೆ ಕೃತಕ ಕಾಲು ಮಾಡಿಕೊಡುವ ಮೊಬಿಲಿಟಿ ಇಂಡಿಯಾ ಸಂಸ್ಥೆಯು ಜೆ.ಪಿ. ನಗರದಲ್ಲಿಯೇ ಇದೆ, ಸಲಹೆಗಾಗಿ ದೂರ ಹೋಗಬೇಕಾಗಿಲ್ಲ. ಸಭೆಯು ಮಾತ್ರ ನೆಲಮಹಡಿಯಲ್ಲಿ ನಡೆಯಲಿ. ನಮ್ಮ ಪುಟ್ಟೇನಹಳ್ಳಿಯ ವಾಚಕರು ಬರಲು ಸಿದ್ಧರಿದ್ದಾರೆ. ಬಾಡಿಗೆಯನ್ನು ಆ ಒಂದು ದಿನಕ್ಕೆ ನಾವೇ ಕೊಡುತ್ತೇವೆ.